ಹಿತ್ತಿಲಿನಲ್ಲಿ ಸಿಹಿ ಮೆಣಸಿನಕಾಯಿ

ಮೆಣಸಿನಕಾಯಿಯೆಂದರೆ ಖಾರ, ಖಾರವೆಂದರೆ ಮೆಣಸಿನಕಾಯಿ ಎಂಬ ಭಾವನೆಯು ನಮ್ಮ ಜನರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಸಿಹಿ ಮೆಣಸಿನಕಾಯಿ ಎಂಬ ಮಾತನ್ನು ಕೇಳಿದೊಡನೆಯೇ ಹಿರಿಯರು ನಗುವುದುಂಟು. “ಇನ್ನು ಮುಂದೆ ಸಿಹಿ ಹಾಗಲಕಾಯಿಯೂ ಬರುವುದೋ?” ಎಂದು ನಮ್ಮ ಯಜಮಾನರೇ ಕೇಳಿದರು. ಆದರೆ ಈ ಮಾತಿನಲ್ಲಿ ವಿರೋಧವೇನೂ ಇಲ್ಲ. ಪೇಟೆಯಲ್ಲಿ ಬಹುಕಾಲದಿಂದ ದೊರೆಯುತ್ತಿರುವ ದಪ್ಪ ಮೆಣಸಿನಕಾಯಿಯೂ ಖಾರವಿಲ್ಲದ ಜಾತಿಯೇ ಅಲ್ಲವೆ? ಅದನ್ನು ಕೆಲವರು ದೊಣ್ಣೆಮೆಣಸಿನಕಾಯಿಯೆಂದೂ, ಉತ್ತರ ಕರ್ನಾಟಕದ ಕಡೆಯವರು ಡಬ್ಬು ಮೆಣಸಿನಕಾಯಿಯೆಂದೂ ಕರೆಯುತ್ತಾರೆ. ನಾನು ಈಗ ಹೇಳಹೊರಟಿರುವುದು ಅದರ ಚಿಕ್ಕ ತಂಗಿಯನ್ನು ಕುರಿತು. ಎರಡು ಮೂರು ಅಂಗುಲ ಉದ್ದ, ಹೆಬ್ಬೆರಳಿನಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ದಪ್ಪ, ಕೆಳಗೆ ಬುಗುರಿಯಂತೆ ಕಿರಿದಾದ ತುದಿ. ಹಣ್ಣಾದಾಗ ಕೆಂಪು, ಹಳದಿ ಅಥವಾ ಕಿತ್ತಳೆಯ ಬಣ್ಣ. ಬೀಜ ಬಹು ಕಡಮೆ. ಬೇಯಿಸುವ ಗೋಜಿಲ್ಲದೆ, ತೊಳೆದು ಹಾಗೆಯೇ ಕಚ್ಚಿ ತಿನ್ನಲು ತಕ್ಕುದಾದ ಕಾಯಿ.

ಮೂರು ವರ್ಷಗಳ ಹಿಂದೆ ನಮ್ಮ ಸೊಸೆಯು ಬೆಂಗಳೂರಿನಿಂದ ಬರುವಾಗ ಇಂತಹ ಕಾಯಿಗಳ ಒಂದು ಪೊಟ್ಟಣವನ್ನು ತಂದಳು. ಮೊಮ್ಮಗನಿಗೆ ಆಗ ೫ ವರ್ಷ. ತರಕಾರಿಯ ಹೆಸರನ್ನೆತ್ತಿದರೆ ತಟ್ಟೆಯನ್ನು ಬಿಟ್ಟು ಏಳುತ್ತಿದ್ದ ಹುಡುಗನು ಆ ದಿನ ಜಗಲಿಯ ಮೇಲೆ ಕುಳಿತು ಏಳೆಂಟು ಕಾಯಿಗಳನ್ನು ಕರಕರನೆ ತಿಂದುದನ್ನು ಕಂಡು ನನಗೆ ಆಶ್ಚರ್ಯವೂ ಆನಂದವೂ ಆದುವು. ಆ ಪೊಟ್ಟಣದ ಬೆಲೆಯನ್ನು ಕೇಳಿದ ಮೇಲೆ ಆನಂದವು ಸ್ವಲ್ಪ ಕುಗ್ಗಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮೈಸೂರಿನಲ್ಲಿರುವ ನಮ್ಮ ಮನೆಯ ಹಿಂದೆ ಹನ್ನೆರಡು ಅಡಿ ಅಗಲದ ಹಿತ್ತಿಲಿದೆ, ಬಿಸಿಲಿದೆ, ಬಾವಿಯಿಲ್ಲದಿದ್ದರೂ ನಲ್ಲಿಯಿದೆ. ಇದನ್ನು ನಾವೇ ಏಕೆ ಬೆಳೆಯಬಾರದು ಎಂದುಕೊಂಡು, ಉಳಿದಿದ್ದ ಕೆಂಪು ಕಾಯಿಗಳ ಬೀಜವನ್ನು ಬಿಡಿಸಿ ನೆರಳಿನಲ್ಲಿ ಒಣಗಲಿಟ್ಟೆ. ಅಲ್ಲಿಂದ ಪ್ರಾರಂಭವಾದ ಈ ಪ್ರಯೋಗದಲ್ಲಿ ಕಲಿತುದನ್ನೂ, ಒಂದು ತಪ್ಪನ್ನೂ ವಾಚಕರ ಮುಂದಿಡುತ್ತೇನೆ.

ಮೊದಲು ಈ ಗಿಡದ ಕುಲವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಮೆಣಸಿನಕಾಯಿಯು ನಮ್ಮ ದೇಶದ್ದಲ್ಲ. ಅದರ ತವರು ಅಮೆರಿಕಾ ಖಂಡ. ಕೊಲಂಬಸನು ೧೪೯೨ರಲ್ಲಿ ಅಲ್ಲಿಗೆ ಮುಟ್ಟಿದ ಮೇಲೆ ಅದು ಯೂರೋಪಿಗೂ, ಮುಂದೆ ಪೋರ್ಚುಗೀಸರ ಮೂಲಕ ೧೬ನೆಯ ಶತಮಾನದಲ್ಲಿ ಭಾರತಕ್ಕೂ ಬಂದಿತು. ಅದಕ್ಕೆ ಮುಂಚೆ ನಮ್ಮವರು ಖಾರಕ್ಕೆ ಬಳಸುತ್ತಿದ್ದುದು ಕಾಳುಮೆಣಸನ್ನು. ಆ ಹೆಸರನ್ನೇ ಹೊಸದಾಗಿ ಬಂದ ಕಾಯಿಗೂ ಅಂಟಿಸಿದುದರಿಂದ ಅದು ಮೆಣಸಿನಕಾಯಿಯಾಯಿತು. ಇವೆರಡಕ್ಕೂ ಸಸ್ಯಶಾಸ್ತ್ರದ ಪ್ರಕಾರ ಯಾವ ಬಾಂಧವ್ಯವೂ ಇಲ್ಲ. ಮೆಣಸಿನಕಾಯಿಯ ನಿಜವಾದ ನಂಟರು ಬದನೆ, ಟೊಮ್ಯಾಟೊ, ಆಲೂಗಡ್ಡೆ ಮತ್ತು ಹೊಗೆಸೊಪ್ಪು.

ಖಾರವನ್ನುಂಟುಮಾಡುವ ವಸ್ತುವಿಗೆ ಕ್ಯಾಪ್ಸೈಸಿನ್ ಎಂಬ ಹೆಸರನ್ನು ೧೮೭೬ರಲ್ಲಿ ಥ್ರೆಶ್ ಎಂಬ ಆಂಗ್ಲ ವಿದ್ವಾಂಸರು ಇಟ್ಟರು. ಇದು ಬೀಜದಲ್ಲಿ ಹುಟ್ಟುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿಯೇ ಇದರ ಉತ್ಪತ್ತಿ. ಬೀಜಕ್ಕೆ ಅದು ಬರಿಯ ಸವರಿಕೆಯಿಂದ ತಗಲುತ್ತದೆ. ಸಿಹಿ ಜಾತಿಗಳಲ್ಲಿ ಈ ವಸ್ತುವನ್ನು ತಯಾರಿಸಲು ಅವಶ್ಯಕವಾದ ಒಂದು ವಂಶವಾಹಿಯು ಕೆಟ್ಟು ನಿಂತುಹೋಗಿದೆ. ಅಷ್ಟೇ ವ್ಯತ್ಯಾಸ. ಯಾರೋ ಸಕ್ಕರೆಯನ್ನು ಬೆರಸಿ ಮಾಡಿದುದಲ್ಲ. ಖಾರವು ತೊಲಗಿದುದರಿಂದ, ಹಣ್ಣಿನಲ್ಲಿ ಸಹಜವಾಗಿರುವ ಸಕ್ಕರೆಯು ನಾಲಗೆಗೆ ತಿಳಿಯುತ್ತದೆ. ೧೯೧೨ರಲ್ಲಿ ಸ್ಕೋವಿಲ್ ಎಂಬ ಅಮೆರಿಕಾದ ಔಷಧಶಾಸ್ತ್ರಜ್ಞರು ಸಕ್ಕರೆ ನೀರಿನಲ್ಲಿ ಮೆಣಸಿನಕಾಯಿಯ ಸತ್ತ್ವವನ್ನು ಕದಡಿ, ಎಷ್ಟು ತೆಳುಮಾಡಿದರೆ ಖಾರವು ತಿಳಿಯದೆ ಹೋಗುತ್ತದೆಂದು ಅಳೆಯುವ ಕ್ರಮವನ್ನು ಏರ್ಪಡಿಸಿದರು. ಆ ಅಳತೆಯಲ್ಲಿ ಸಿಹಿ ಮೆಣಸಿನಕಾಯಿಗೆ ದೊರೆಯುವ ಅಂಕ ಸೊನ್ನೆ. ಖಾರವು ಮಿತವಾಗಿದ್ದು ಬಣ್ಣಕ್ಕಾಗಿಯೇ ಹೆಸರಾದ ಕಾಯಿಯು ನಮ್ಮ ನಾಡಿನಲ್ಲಿಯೂ ಇದೆ. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲ ಗೃಹಿಣಿಯರಿಗೆ, ಮೆಣಸಿನಕಾಯಿಯ ಗುಣವೆಲ್ಲ ಖಾರದಲ್ಲಿಯೇ ಅಡಗಿಲ್ಲವೆಂದು ಹೇಳಿಕೊಡಬೇಕಾಗಿಲ್ಲ.

ಇನ್ನು ಪೌಷ್ಟಿಕತೆಯ ವಿಚಾರ. ಇದಕ್ಕೆ ಒಂದು ಸ್ವಾರಸ್ಯವಾದ ಕಥೆಯುಂಟು. ಹಂಗರಿ ದೇಶದ ಸೆಗೆಡ್ ಪಟ್ಟಣದಲ್ಲಿ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿಗಳಿದ್ದರು. ಇಂದು ನಾವು ‘ಸಿ’ ಜೀವಸತ್ತ್ವವೆಂದು ಕರೆಯುವ ವಸ್ತುವನ್ನು ಬೇಕಾದಷ್ಟು ಪ್ರಮಾಣದಲ್ಲಿ ಬೇರ್ಪಡಿಸಲು ಅವರಿಗೆ ಸಾಧ್ಯವಾಗದೆ ಕೆಲಸವು ಕುಂಠಿತವಾಗಿತ್ತು. ೧೯೩೦ರ ದಶಕದ ಆದಿಭಾಗದಲ್ಲಿ ಒಂದು ರಾತ್ರಿ ಅವರ ಪತ್ನಿಯು ಊಟಕ್ಕೆ ಆ ಊರಿನ ಪ್ರಸಿದ್ಧವಾದ ಪಪ್ರಿಕಾ ಮೆಣಸಿನಕಾಯಿಯನ್ನು ಬಡಿಸಿದರಂತೆ. ಅದು ಅವರಿಗೆ ಬೇಡವಾಗಿತ್ತು. ಬೇಡವೆನ್ನಲು ಧೈರ್ಯ ಸಾಲದೆ, ಪರೀಕ್ಷೆಮಾಡಿ ನೋಡುತ್ತೇನೆಂಬ ನೆಪದಿಂದ ಅದನ್ನು ಪ್ರಯೋಗಶಾಲೆಗೆ ಒಯ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ನೋಡಿದರೆ ಅದು ಜೀವಸತ್ತ್ವದ ಭಂಡಾರವೇ ಆಗಿತ್ತು. ೧೯೩೭ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಊಟದ ತಟ್ಟೆಯಲ್ಲಿ ತರಕಾರಿಯನ್ನು ಬಿಡುವ ಗಂಡಸರೆಲ್ಲರಿಗೂ ಇಂತಹ ಫಲವು ದೊರೆಯಲಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪೂರ್ಣವಾಗಿ ಪಕ್ವವಾದ ೧೦೦ ಗ್ರಾಂ ಕೆಂಪು ಸಿಹಿ ಮೆಣಸಿನಕಾಯಿಯಲ್ಲಿ ಈ ಜೀವಸತ್ತ್ವವು ೧೨೦ ಮಿಲಿಗ್ರಾಂಗೂ ಮೇಲ್ಪಟ್ಟು ಇರುವುದುಂಟು. ಅದೇ ಕಾಯಿ ಹಸುರಾಗಿರುವಾಗ ಸುಮಾರು ೮೦. ಬೇಯಿಸಿದರೆ ಇದರಲ್ಲಿ ಒಂದು ಭಾಗವು ನಷ್ಟವಾಗುತ್ತದೆ. ಆದುದರಿಂದ ಹಸಿಯಾಗಿಯೇ ತಿನ್ನಲು ಬರುವ ಈ ಚಿಕ್ಕ ಕಾಯಿಗಳು ಮಕ್ಕಳಿರುವ ಮನೆಗೆ ಬಹಳ ಉಪಯುಕ್ತವಾದುವು.

ಬೆಳೆಯುವ ಕ್ರಮಕ್ಕೆ ಬರೋಣ. ಎಲ್ಲಕ್ಕೂ ಮಿಗಿಲಾಗಿ ಕಾಲವನ್ನು ನೋಡಿಕೊಳ್ಳಬೇಕು. ಈ ಗಿಡಕ್ಕೆ ಬಿಸಿಲು ಬೇಕು, ಬೇಗೆ ಬೇಡ. ಹಗಲಿನ ಉಷ್ಣತೆಯು ೩೨ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೂ, ರಾತ್ರಿಯು ಸೆಕೆಯಾಗಿದ್ದರೂ ಹೂವು ನಿಲ್ಲದೆ ಉದುರುತ್ತದೆ. ಖಾರದ ಮೆಣಸಿನಗಿಡವು ಇಂತಹ ಬೇಗೆಯನ್ನು ಸಹಿಸುವಷ್ಟು ಇದು ಸಹಿಸದು. ಮೈಸೂರು, ಬೆಂಗಳೂರುಗಳಂತಹ ಎತ್ತರದ ಸೀಮೆಯಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನ ಒಳಗೆ ಬಿತ್ತಿದರೆ, ಹೂವು ಚಳಿಗಾಲದ ಹಿತವಾದ ದಿನಗಳಿಗೆ ಸರಿಯಾಗಿ ಬರುತ್ತದೆ. ಬೇಸಗೆಗೆ ಉಳಿದ ಗಿಡಗಳಿಗೆ ಮಧ್ಯಾಹ್ನದ ಬಿಸಿಲು ಬೀಳದಂತೆ ಒಂದು ತೆಳು ಬಟ್ಟೆಯನ್ನೋ ಹಸುರು ಬಲೆಯನ್ನೋ ಕಟ್ಟತಕ್ಕದ್ದು. ಇಲ್ಲದಿದ್ದರೆ ಕಾಯಿಯ ಮೈಮೇಲೆ ಬಿಸಿಲು ಬಡಿದು ಬಿಳಿಯ ಮಚ್ಚೆಗಳಾಗುತ್ತವೆ.

ಬೀಜವನ್ನು ಕಾಲು ಅಂಗುಲಕ್ಕಿಂತ ಆಳವಾಗಿ ಬಿತ್ತಕೂಡದು. ಹಳೆಯ ತಟ್ಟೆಯೋ ಮಣ್ಣಿನ ಅಗಲವಾದ ಕುಂಡವೋ ಇದಕ್ಕೆ ಸಾಕು. ಸಮಭಾಗ ಕೆಂಪು ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸಿ ಜರಡಿಹಿಡಿದು ತುಂಬಬೇಕು. ಬೆಚ್ಚಗಿರುವ ದಿನಗಳಲ್ಲಿ ೮ರಿಂದ ೧೫ ದಿನಗಳೊಳಗೆ ಮೊಳೆಯುತ್ತದೆ. ಮೊಳೆತ ಮೇಲೆ ನೀರನ್ನು ಸುರಿಯುವುದೇ ಹೊಸಬರು ಮಾಡುವ ತಪ್ಪು. ನೀರು ಹೆಚ್ಚಾದರೆ ಸಸಿಯ ಬುಡವು ಕೊಳೆತು, ಹಿಂದಿನ ದಿನ ನೆಟ್ಟಗೆ ನಿಂತಿದ್ದ ಪುಟ್ಟ ಸಸಿಗಳು ಬೆಳಗಾಗುವುದರೊಳಗೆ ಸಾಲಾಗಿ ಮಲಗಿರುತ್ತವೆ. ಮೊದಲ ವರ್ಷ ನನ್ನ ೨೦ ಸಸಿಗಳಲ್ಲಿ ೯ ಹೀಗೆ ಹೋದುವು. ಮಣ್ಣಿನ ಮೇಲ್ಭಾಗವು ಒಣಗಿದ ಮೇಲೆ ಮಾತ್ರ ಕೈಯಿಂದ ಚಿಮುಕಿಸಿದರೆ ಸಾಕು.

೫-೬ ವಾರಗಳಾಗಿ, ಸಸಿಯು ಗೇಣುದ್ದಕ್ಕೆ ಸ್ವಲ್ಪ ಕಡಮೆಯಾಗಿ ಬೆಳೆದಾಗ ಅದನ್ನು ಕಿತ್ತು ನಡಬೇಕು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ. ಕುಂಡದಲ್ಲಾದರೆ ಒಂದು ಅಡಿ ಅಗಲ, ಒಂದು ಅಡಿ ಆಳವಿರುವ ಕುಂಡಕ್ಕೆ ಒಂದೇ ಗಿಡ. ನಿಮ್ಮ ಆಸೆಯು ಎರಡು ಎಂದು ಹೇಳಿದರೂ ಒಂದೇ. ಸಂಜೆಯ ವೇಳೆ ನಟ್ಟು ಮೂರು ದಿನ ನೆರಳಿನಲ್ಲಿಡುವುದು ಒಳ್ಳೆಯದು. ಬಳಿಕ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಸ್ಥಳ ಬೇಕು. ಗೊಬ್ಬರವೆಂದರೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ, ತಿಂಗಳಿಗೊಮ್ಮೆ ಸ್ವಲ್ಪ ಬೇವಿನ ಹಿಂಡಿ. ಸಗಣಿಯ ನೀರನ್ನೂ ಹಿಂಡಿಯ ನೀರನ್ನೂ ಪದೇ ಪದೇ ಹೊಯ್ದರೆ ಗಿಡವು ಕಪ್ಪುಹಸುರಾಗಿ ಕೊಬ್ಬಿ ಎಲೆಯನ್ನೇ ಬಿಡುತ್ತದೆ, ಕಾಯಿಯನ್ನಲ್ಲ. ನೋಡಿದವರೆಲ್ಲ ಹೊಗಳುತ್ತಾರೆ; ಬುಟ್ಟಿ ಮಾತ್ರ ಬರಿದು.

ನೀರು ಒಂದು ದಿನ ಕೆರೆ, ಮೂರು ದಿನ ಬರವಾಗದೆ ಸಮನಾಗಿರಬೇಕು. ಏರುಪೇರಾದರೆ ಗಿಡವು ಸುಣ್ಣದ ಅಂಶವನ್ನು ಕಾಯಿಗೆ ಒದಗಿಸಲಾರದೆ ಹೋಗಿ, ಕಾಯಿಯ ತುದಿಯು ಕಂದುಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಇದನ್ನು ರೋಗವೆಂದು ತಿಳಿದು ಔಷಧವನ್ನು ಸಿಂಪಡಿಸುವವರುಂಟು. ಬುಡಕ್ಕೆ ಒಣ ತರಗೆಲೆಯನ್ನೋ ತೆಂಗಿನ ನಾರನ್ನೋ ಹೊದಿಸಿ ತೇವವನ್ನು ಕಾಪಾಡುವುದೇ ಇದಕ್ಕೆ ಮದ್ದು. ಮತ್ತೊಂದು ಮಾತು: ಈ ಗಿಡದ ರೆಂಬೆಗಳು ಗಾಜಿನ ಹಾಗೆ ಪೆಡಸು. ಒಂದು ಊರುಗೋಲನ್ನು ನೆಟ್ಟು ಸಡಿಲವಾಗಿ ಕಟ್ಟಬೇಕು. ಕಾಯಿಯನ್ನು ಎಳೆದು ಕೀಳದೆ ಕತ್ತರಿಯಿಂದ ತೊಟ್ಟು ಸಹಿತ ಕತ್ತರಿಸಬೇಕು. ನಮ್ಮ ಮೊಮ್ಮಗನು ಒಂದು ಕಾಯಿಗಾಗಿ ಕೈಹಾಕಿ, ಆರು ಎಳೆಗಾಯಿಗಳಿದ್ದ ರೆಂಬೆಯನ್ನೇ ಕೈಯಲ್ಲಿ ಹಿಡಿದು ಬಂದ ದಿನದಿಂದ ನಮ್ಮ ಮನೆಯಲ್ಲಿ ಕತ್ತರಿಯು ಹಿತ್ತಿಲ ಬಾಗಿಲಿನ ಮೊಳೆಗೆ ತೂಗಾಡುತ್ತಿದೆ.

ಶತ್ರುಗಳಲ್ಲಿ ಮುಖ್ಯವಾದುವು ಕಣ್ಣಿಗೆ ಸುಲಭವಾಗಿ ಕಾಣದ ನುಸಿಗಳು. ಎಲೆಯ ಅಂಚುಗಳು ಮೇಲ್ಮುಖವಾಗಿ ದೋಣಿಯಂತೆ ಮುದುರಿಕೊಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ. ಕೆಳಮುಖವಾಗಿ ಬೋರಲು ದೋಣಿಯಂತೆ ಮುದುರಿದರೆ ಮೈಟ್ ನುಸಿಯದು. ಒಂದು ಲೀಟರು ನೀರಿಗೆ ೫ ಮಿಲಿಲೀಟರು ಬೇವಿನ ಎಣ್ಣೆಯನ್ನೂ, ಅದು ನೀರಿನೊಡನೆ ಕೂಡುವಂತೆ ಸ್ವಲ್ಪ ಸೋಪಿನ ನೀರನ್ನೂ ಬೆರಸಿ, ಸಂಜೆಯ ಹೊತ್ತು ಎಲೆಯ ತಳಭಾಗಕ್ಕೆ ತಾಗುವಂತೆ ವಾರಕ್ಕೊಮ್ಮೆ ಸಿಂಪಡಿಸಬೇಕು. ಮುದುರು ಕಂಡ ಮೊದಲನೆಯ ವಾರದಲ್ಲಿ ಮಾಡಿದರೆ ಗುಣವಾಗುತ್ತದೆ. ತಿಂಗಳು ಬಿಟ್ಟು ಮಾಡಿದರೆ ಎಣ್ಣೆಯೂ ದಂಡ, ಶ್ರಮವೂ ದಂಡ. ಹೊಗೆಸೊಪ್ಪು ಇದೇ ಕುಲದ ಗಿಡವೆಂದು ಮೇಲೆ ಹೇಳಿದೆನಷ್ಟೆ. ಅದರ ಒಂದು ಅಂಟುಜಾಡ್ಯವು ನಸ್ಯ, ಬೀಡಿ ಮುಂತಾದುವುಗಳಲ್ಲಿಯೂ ಉಳಿದಿದ್ದು ಕೈಬೆರಳಿನ ಮೂಲಕ ಮೆಣಸಿನಗಿಡಕ್ಕೆ ಹರಡಬಲ್ಲುದು. ನಮ್ಮ ಯಜಮಾನರು ನಸ್ಯದ ಅಭ್ಯಾಸವುಳ್ಳವರು. ಸೋಪಿನಿಂದ ಕೈತೊಳೆಯದೆ ಅವರು ಗಿಡಗಳ ಹತ್ತಿರ ಸುಳಿಯಕೂಡದೆಂದು ಕಟ್ಟಳೆಮಾಡಿದ್ದೇನೆ. ಈ ಕಟ್ಟಳೆಯಿಂದ ಅವರಿಗೆ ತೋಟದ ಕೆಲಸವು ತಪ್ಪಿದುದಕ್ಕೆ ಅವರು ದುಃಖಪಟ್ಟಂತೆ ಕಾಣಲಿಲ್ಲ.

ನಟ್ಟು ೬೦-೭೦ ದಿನಗಳಾದ ಮೇಲೆ ಕಾಯಿಯು ತನ್ನ ಪೂರ್ಣ ಗಾತ್ರಕ್ಕೆ ಬರುತ್ತದೆ, ಆದರೆ ಹಸುರಾಗಿಯೇ ಇರುತ್ತದೆ. ಇಲ್ಲಿಯೇ ತಾಳ್ಮೆ ಬೇಕಾದುದು. ಹಸುರು ಕಾಯಿಯನ್ನು ಕಚ್ಚಿ “ಇದರಲ್ಲಿ ಸಿಹಿಯೆಲ್ಲಿದೆ?” ಎಂದು ಕೇಳುವುದು, ಮಾವಿನ ಮಿಡಿಯನ್ನು ಕಚ್ಚಿ ಹಣ್ಣಿನ ರುಚಿಯನ್ನು ಹುಡುಕಿದಂತೆ. ಬಣ್ಣವು ತುಂಬಲು ಇನ್ನೂ ಮೂರು ವಾರಗಳಾದರೂ ಬೇಕು. ದೊಡ್ಡ ಜಾತಿಗಿಂತ ಈ ಚಿಕ್ಕ ಜಾತಿಯು ಬೇಗನೆ ಬಣ್ಣಕ್ಕೆ ತಿರುಗುವುದೇ ಮನೆಯವರಿಗೆ ಇದರಿಂದಾಗುವ ದೊಡ್ಡ ಅನುಕೂಲ. ಮಾಗಿದುದನ್ನು ಕೊಯ್ದಷ್ಟೂ ಗಿಡವು ಹೊಸ ಹೂವನ್ನು ಬಿಡುತ್ತದೆ.

ಮೊದಲನೆಯ ವರ್ಷ ಸಂಕ್ರಾಂತಿಯ ವೇಳೆಗೆ ನಮ್ಮ ಹಿತ್ತಿಲಿನಲ್ಲಿ ೧೧ ಗಿಡಗಳು ಕಾಯಿಬಿಟ್ಟಿದ್ದುವು. ಎಳ್ಳುಬೆಲ್ಲದ ತಟ್ಟೆಯೊಡನೆ ನೆರೆಹೊರೆಗೆ ನಾಲ್ಕು ನಾಲ್ಕು ಸಿಹಿ ಮೆಣಸಿನಕಾಯಿಗಳನ್ನೂ ಬೀರಿದೆವು. ಕಾಯಿಗಳು ಪೊಟ್ಟಣದಲ್ಲಿದ್ದಂತೆ ಒಂದೇ ಸಮನಾಗಿರಲಿಲ್ಲ. ಒಂದು ಗಿಡದ್ದು ಗುಂಡು, ಒಂದರದು ಉದ್ದ, ಎರಡರದು ಕಿತ್ತಳೆಯ ಬಣ್ಣ. ಪೇಟೆಯಲ್ಲಿ ದೊರೆಯುವ ಇಂತಹ ಕಾಯಿಗಳು ಬಹುಮಟ್ಟಿಗೆ ಸಂಕರ ಬೀಜದಿಂದ ಬೆಳೆದುವು. ಅವುಗಳ ಬೀಜವನ್ನು ಬಿತ್ತಿದರೆ ಮಕ್ಕಳು ತಾಯಿಯನ್ನು ಹೋಲದೆ ಅಜ್ಜಅಜ್ಜಿಯರನ್ನು ಹೋಲುತ್ತವೆ. ಆದರೆ ಎಲ್ಲವೂ ಸಿಹಿಯಾಗಿದ್ದುವು. ನಾನು ಅವುಗಳಲ್ಲಿ ಸೊಗಸಾದ ಕೆಂಪು ಕಾಯಿಗಳನ್ನು ಆರಿಸಿ ಬೀಜಕ್ಕೆ ಬಿಟ್ಟೆ. ಇಲ್ಲಿಯೇ ತಪ್ಪಾದುದು.

ನಮ್ಮ ಹಿತ್ತಿಲಿಗೂ ಪಕ್ಕದ ಮನೆಯವರ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಗೋಡೆಯೊಂದಿದೆ. ಆ ಮನೆಯಲ್ಲಿರುವವರು ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ತಾಯಿ. ಒಬ್ಬರೇ ಇದ್ದಾರೆ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಗೋಡೆಗೆ ಒತ್ತಿಕೊಂಡಂತೆ ಅವರದೊಂದು ಖಾರದ ಮೆಣಸಿನಗಿಡವಿದ್ದಿತು. ಮೂರು ವರ್ಷದ ಗಿಡ. ನಮ್ಮ ಸೀಮೆಯಲ್ಲಿ ಹಿಮವು ಬೀಳದ ಕಾರಣ ಮೆಣಸಿನಗಿಡವು ಹೀಗೆ ಕೆಲವು ವರ್ಷ ಬಾಳುವುದುಂಟು. ಅವರ ಅಡಿಗೆಗೆ ಬೇಕಾದ ಹಸಿಮೆಣಸಿನಕಾಯಿಯೆಲ್ಲ ಅದರಿಂದಲೇ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಮೆಣಸಿನಕಾಯಿ ಮುಗಿದ ದಿನ ನಮ್ಮದೂ ಅದರಿಂದಲೇ.

ಎರಡನೆಯ ವರ್ಷ ನಾನು ಉಳಿಸಿದ ಬೀಜದಿಂದ ೬ ಗಿಡಗಳನ್ನು ಕುಂಡಗಳಲ್ಲಿ ಬೆಳೆಸಿದೆ. ಐದು ಗಿಡಗಳು ಮೊದಲಿನಂತೆಯೇ ಕಾಯಿಬಿಟ್ಟುವು. ಆರನೆಯದರ ಕಾಯಿ ಸ್ವಲ್ಪ ಸಣ್ಣ, ತುದಿ ಸ್ವಲ್ಪ ಚೂಪು. ಇದೂ ಒಂದು ವಿಧವಿರಬೇಕೆಂದು ನಾನು ಲಕ್ಷ್ಯಮಾಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೊಮ್ಮಗನು ತಾನೇ ಕತ್ತರಿಯನ್ನು ತೆಗೆದುಕೊಂಡು ಹೋಗಿ ಆ ಕುಂಡದಿಂದ ಒಂದು ಕೆಂಪು ಕಾಯಿಯನ್ನು ಕತ್ತರಿಸಿ ಅರ್ಧದಷ್ಟನ್ನು ಒಂದೇ ಸಲಕ್ಕೆ ಕಚ್ಚಿದನು. ಅವನ ಕೂಗಿಗೆ ಬೀದಿಯವರು ಹೊರಕ್ಕೆ ಬಂದರು. ಬಾಯಿ, ತುಟಿ, ಅದೇ ಕೈಯಿಂದ ಒರಸಿಕೊಂಡ ಕಣ್ಣು, ಎಲ್ಲವೂ ಉರಿ. ಗಾಬರಿಯಿಂದ ನಾನು ಚೊಂಬುಗಟ್ಟಲೆ ನೀರು ಕುಡಿಸಿದೆ, ಉರಿಯು ಕಡಮೆಯಾಗಲಿಲ್ಲ.

ಇಲ್ಲಿ ತಾಯಂದಿರು ನೆನಪಿಡಬೇಕಾದ ಒಂದು ಸಂಗತಿಯಿದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ನೀರು ಅದನ್ನು ಬಾಯಿತುಂಬ ಹರಡುವುದಷ್ಟೆ. ಜಿಡ್ಡಿನಲ್ಲಿ ಅದು ಕರಗುತ್ತದೆ, ಹಾಲಿನಲ್ಲಿರುವ ಕೇಸೀನ್ ಎಂಬ ಸಸಾರಜನಕವು ಅದನ್ನು ನಾಲಗೆಯಿಂದ ಬಿಡಿಸುತ್ತದೆ. ಆದುದರಿಂದ ತಣ್ಣನೆಯ ಹಾಲನ್ನೋ ಗಟ್ಟಿ ಮೊಸರನ್ನೋ ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿಸಿ ನುಂಗಿಸಬೇಕು. ಕೈಯನ್ನು ಸೋಪಿನಿಂದ ತೊಳೆದ ಮೇಲೆಯೇ ಕಣ್ಣನ್ನು ಬರಿಯ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಉರಿಯು ನಿಜವಾದ ಸುಟ್ಟಗಾಯವಲ್ಲ. ಬಿಸಿಯನ್ನು ತಿಳಿಸುವ ನರಗಳ ಬಾಗಿಲನ್ನೇ ಈ ವಸ್ತುವು ತಟ್ಟುತ್ತದೆ. ಆ ಬಾಗಿಲನ್ನು ೧೯೯೭ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ಸರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಆ ದಿನ ನನಗೆ ಇದೊಂದೂ ತೋರಲಿಲ್ಲ. ಗೋಡೆಯ ಆಚೆಯಿಂದ ಅಕ್ಕನವರೇ ಒಂದು ಬಟ್ಟಲು ಮೊಸರನ್ನು ತಂದು ಹುಡುಗನಿಗೆ ತಿನ್ನಿಸಿದರು. ಕಾಲು ಗಂಟೆಯಲ್ಲಿ ಅವನು ಸಮಾಧಾನಗೊಂಡನು.

ನಾನು ಸಮಾಧಾನಗೊಳ್ಳಲಿಲ್ಲ. ಮೊಸರು ತಂದ ಆ ತಾಯಿಗೇ, “ನಿಮ್ಮ ಗಿಡದ ದೆಸೆಯಿಂದ ನಮ್ಮ ಕಾಯೆಲ್ಲ ಖಾರವಾಗಿಹೋಯಿತು, ಅಕ್ಕ. ಮಗುವಿನ ಗತಿ ನೋಡಿ” ಎಂದುಬಿಟ್ಟೆ. ಸಿಹಿ ಗಿಡದ ಪಕ್ಕದಲ್ಲಿ ಖಾರದ ಗಿಡವಿದ್ದರೆ ಸಿಹಿಯೂ ಖಾರವಾಗುತ್ತದೆಂದು ಯಾರೋ ಹೇಳಿದುದನ್ನು ಕೇಳಿದ್ದೆ. ಅವರು ಬಟ್ಟಲನ್ನು ಎತ್ತಿಕೊಂಡು, “ಹಾಗಾಗತ್ತೆ ಅಂತ ನಂಗೆ ಗೊತ್ತಿರ್ಲಿಲ್ಲಮ್ಮ” ಎಂದಷ್ಟೇ ಹೇಳಿ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಯ ಪಕ್ಕದಲ್ಲಿ ಗಿಡವಿರಲಿಲ್ಲ. ಬುಡಸಹಿತ ಕಿತ್ತು ಕಸದ ಮೂಲೆಗೆ ಹಾಕಿದ್ದರು. ಇನ್ನೂ ಹೂವಿದ್ದಿತು.

ಆ ವಾರ ನನ್ನ ತಮ್ಮನು ಊರಿನಿಂದ ಬಂದನು. ಅವನು ಸಸ್ಯಶಾಸ್ತ್ರವನ್ನು ಓದಿದವನು. ಕಥೆಯನ್ನೆಲ್ಲ ಕೇಳಿ, “ಅಕ್ಕ, ಮೊದಲನೆಯ ವರ್ಷವೂ ಆ ಗಿಡ ಅಲ್ಲೇ ಇತ್ತಲ್ಲವೆ? ಆಗ ಒಂದು ಕಾಯಾದರೂ ಖಾರವಾಗಿತ್ತೆ?” ಎಂದನು. ಆಗಿರಲಿಲ್ಲ. ನನಗೆ ಮಾತು ಹೊರಡಲಿಲ್ಲ.

ಅವನು ತಿಳಿಸಿದ ವಿಷಯವು ಇದು. ಕಾಯಿಯ ಗೋಡೆ, ಒಳಗಿನ ತಿರುಳು ಎಲ್ಲವೂ ತಾಯಿ ಗಿಡದ ದೇಹವೇ. ಅದರ ಮೇಲೆ ಯಾವ ಗಿಡದ ಪರಾಗವು ಬಿದ್ದರೂ ಆ ಕಾಯಿಯ ರುಚಿಯು ಬದಲಾಗುವುದಿಲ್ಲ. ಸಿಹಿ ಗಿಡದಲ್ಲಿ ಬಿಟ್ಟ ಕಾಯಿಯು ಸಿಹಿಯೇ. ಬದಲಾಗುವುದು ಬೀಜ. ಮೆಣಸಿನ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲಿಸುವುದಾದರೂ, ಜೇನ್ನೊಣಗಳೂ ಇತರ ಕೀಟಗಳೂ ಪಕ್ಕದ ಗಿಡದ ಪರಾಗವನ್ನು ತಂದು ಹಚ್ಚುವುದುಂಟು. ಖಾರದ ಗುಣವು ಪ್ರಬಲ, ಸಿಹಿಯ ಗುಣವು ದುರ್ಬಲ. ತಂದೆತಾಯಿಗಳಲ್ಲಿ ಒಬ್ಬರಿಂದ ಖಾರದ ವಂಶವಾಹಿಯು ಬಂದರೂ ಸಾಕು, ಆ ಬೀಜದಿಂದ ಹುಟ್ಟಿದ ಗಿಡದ ಕಾಯಿ ಖಾರವೇ. ನಮ್ಮ ಆರನೆಯ ಗಿಡವು ಇಂತಹ ಒಂದು ಬೀಜದಿಂದ ಬಂದಿತ್ತು. ಅಕ್ಕನವರ ಗಿಡವು ನಮ್ಮ ಒಂದು ಕಾಯಿಯನ್ನೂ ಕೆಡಿಸಿರಲಿಲ್ಲ. ಹೂವಿಗೆ ಕಾವಲಿಲ್ಲದೆ ಬೀಜವನ್ನು ಉಳಿಸಿದವಳು ನಾನು. ಕಾಯಿಯ ಆಕಾರವು ಬೇರೆಯೆಂದು ಕಂಡರೂ ರುಚಿನೋಡದೆ ಮಗುವಿನ ಕೈಗೆಟುಕುವಂತೆ ಬಿಟ್ಟವಳೂ ನಾನೇ. ನೀರು ಕಡಮೆಯಾದರೆ ಸಿಹಿ ಮೆಣಸಿನಕಾಯಿಯು ಖಾರವಾಗುತ್ತದೆಂಬ ಮಾತೂ ಹೀಗೆಯೇ ಹುರುಳಿಲ್ಲದ್ದು. ಸ್ಪೇನ್ ದೇಶದ ಪಾದ್ರೋನ್ ಎಂಬ ಮೆಣಸಿನಕಾಯಿಗಳಲ್ಲಿ ಹೆಚ್ಚಿನವು ಸಪ್ಪೆ, ನಡುವೆ ಎಲ್ಲಿಯೋ ಒಂದು ಖಾರ. ಆದರೆ ಅವುಗಳಲ್ಲಿ ಖಾರದ ವಂಶವಾಹಿಯು ಇದ್ದೇ ಇದೆ. ಅದೇ ಕೆಟ್ಟುಹೋಗಿರುವ ಸಿಹಿ ಜಾತಿಯಲ್ಲಿ ಎಷ್ಟು ಬಾಡಿದರೂ ಖಾರವು ಹುಟ್ಟದು.

ಹಾಗಾದರೆ ಬೀಜವನ್ನು ಉಳಿಸುವ ಬಗೆ ಹೇಗೆ? ತಮ್ಮನು ತೋರಿಸಿದ ಕ್ರಮವು ಸುಲಭವಾಗಿದೆ. ಮಲ್ ಬಟ್ಟೆಯಿಂದ ಎರಡು ಅಂಗುಲದ ಪುಟ್ಟ ಚೀಲಗಳನ್ನು ಹೊಲಿದಿಟ್ಟುಕೊಳ್ಳಬೇಕು. ಕಾಯಿಯ ರುಚಿಯನ್ನು ನೋಡಿ ಸಿಹಿಯೆಂದು ಖಚಿತಪಡಿಸಿಕೊಂಡ ಗಿಡದಲ್ಲಿ, ನಾಳೆ ಅರಳುವಂತೆ ಬಿಳಿಯಾಗಿ ಉಬ್ಬಿರುವ ಮೊಗ್ಗುಗಳಿಗೆ ಸಂಜೆಯೇ ಈ ಚೀಲವನ್ನು ತೊಡಿಸಿ ತೊಟ್ಟಿನ ಹತ್ತಿರ ದಾರದಿಂದ ಸಡಿಲವಾಗಿ ಕಟ್ಟಬೇಕು. ಅರಳಿದ ಹೂವು ಬೇಡ. ಅದಕ್ಕೆ ಜೇನು ಆಗಲೇ ಬಂದುಹೋಗಿರಬಹುದು. ಮರುದಿನ ಬೆಳಿಗ್ಗೆ ಚೀಲದ ಮೇಲೆ ಬೆರಳಿನಿಂದ ಮೆಲ್ಲಗೆ ಎರಡು ಮೂರು ಸಲ ತಟ್ಟಿದರೆ ಪರಾಗವು ಉದುರಿ ಆ ಹೂವಿಗೇ ತಗಲುತ್ತದೆ. ದಳಗಳುದುರಿ ಈಚು ಕಾಣಿಸಿಕೊಂಡ ಮೇಲೆ ಚೀಲವನ್ನು ಬಿಚ್ಚಿ, ಗುರುತಿಗೆ ತೊಟ್ಟಿಗೆ ಒಂದು ಬಣ್ಣದ ದಾರವನ್ನು ಕಟ್ಟಬೇಕು. ಎಷ್ಟೋ ಹೂವುಗಳು ಚೀಲದೊಳಗೆ ಉದುರಿಹೋಗುತ್ತವೆ. ಹತ್ತಕ್ಕೆ ನಾಲ್ಕು ನಿಂತರೆ ಸಂತೋಷಪಡಬೇಕು. ಎರಡು ಕಾಯಿ ನಿಂತರೂ ಒಂದು ಮನೆಗೆ ಬೇಕಾದ ಬೀಜವು ದೊರೆಯುತ್ತದೆ. ಸಿಹಿ ಗಿಡದಲ್ಲಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಸಿಹಿಯ ಗುಣವೇ ಬಂದಿರತಕ್ಕದ್ದರಿಂದ, ಅದರ ಸ್ವಂತ ಪರಾಗದಿಂದಾದ ಸಂತತಿಯಲ್ಲಿ ಖಾರವು ತಲೆಯೆತ್ತುವುದಿಲ್ಲ.

ದಾರ ಕಟ್ಟಿದ ಕಾಯಿಯನ್ನು ಪೂರ್ಣವಾಗಿ ಮಾಗಿ ಸಿಪ್ಪೆಯು ಸ್ವಲ್ಪ ಸುಕ್ಕುವವರೆಗೂ ಗಿಡದಲ್ಲಿಯೇ ಬಿಡಬೇಕು. ಹಸುರು ಕಾಯಿಯ ಬೀಜವು ಮೊಳೆಯಲಾರದು. ಬಿಡಿಸಿದ ಬೀಜವನ್ನು ಬಿಸಿಲಿಗಿಡದೆ ನೆರಳಿನಲ್ಲಿ ಎರಡು ವಾರ ಒಣಗಿಸಿ, ಬಾಗಿಸಿದರೆ ಚಟ್ಟನೆ ಮುರಿಯುವ ಹದಕ್ಕೆ ಬಂದಾಗ ಗಾಜಿನ ಸೀಸೆಯಲ್ಲಿಟ್ಟು ಬಿಗಿಯಾಗಿ ಮುಚ್ಚಬೇಕು. ಎರಡು ಮೂರು ವರ್ಷ ಚೆನ್ನಾಗಿ ಮೊಳೆಯುತ್ತದೆ. ಪೇಟೆಯ ಸಂಕರ ಬೀಜದ ತೊಡಕೇ ಬೇಡವೆನ್ನುವವರಿಗೆ, ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆರಿಸಿ ಬೆಳೆಸಿದ ಅರ್ಕ ಮೋಹಿನಿ, ಅರ್ಕ ಗೌರವ್, ಅರ್ಕ ಬಸಂತ್ ಎಂಬ ಸಿಹಿ ಜಾತಿಗಳಿವೆ. ಇವು ಸಂಕರವಲ್ಲದ ಜಾತಿಗಳಾದುದರಿಂದ ಬೀಜವನ್ನು ಉಳಿಸಿಕೊಂಡರೆ ತಾಯಿಯನ್ನೇ ಹೋಲುತ್ತವೆ. ಕಾಯಿ ಮಾತ್ರ ದೊಡ್ಡದು. ಇವುಗಳಲ್ಲಿ ಅರ್ಕ ಬಸಂತವು ಹಂಗರಿಯ ಶೊರೊಕ್ಷಾರಿ ಎಂಬ ಜಾತಿಯಿಂದ ಆರಿಸಿದುದು. ಅದರ ಕಾಯಿ ಶಂಕುವಿನಂತಿದ್ದು ಕೆನೆಯ ಬಣ್ಣದಿಂದ ಕಿತ್ತಳೆಗೆಂಪಿಗೆ ತಿರುಗುತ್ತದೆ. ಹಸಿಯಾಗಿ ತಿನ್ನಲೂ ಚೆನ್ನಾಗಿದೆ.

ತಮ್ಮನು ಹೊರಟುಹೋದ ಸಂಜೆ ನಾನು ಗೋಡೆಯನ್ನು ಬಳಸಿ ಮುಂಬಾಗಿಲಿನಿಂದಲೇ ಅಕ್ಕನವರ ಮನೆಗೆ ಹೋದೆ. ಹೇಳಬೇಕಾದುದನ್ನು ಹೇಳಿದೆ. ಹೂವು, ಪರಾಗ, ವಂಶವಾಹಿ ಎಂದು ನಾನು ವಿವರಿಸುತ್ತಿದ್ದುದನ್ನು ಅವರು ಸ್ವಲ್ಪ ಹೊತ್ತು ಕೇಳಿ, “ಗಿಡ ತಾನೆ, ಬಿಡಮ್ಮ. ಹುಡುಗ ಈಗ ಹೇಗಿದಾನೆ?” ಎಂದರು. ಮೂರು ವರ್ಷದ ಗಿಡವನ್ನು ನಾನು ಎಲ್ಲಿಂದ ತಂದುಕೊಡಲಿ? ಹಿಂದಿರುಗಿ ಬಂದು ಹಿತ್ತಿಲಿನಲ್ಲಿ ನಿಂತಾಗ ಆ ಆರನೆಯ ಕುಂಡವು ಕಣ್ಣಿಗೆ ಬಿತ್ತು. ಅದನ್ನು ಕಿತ್ತೆಸೆಯಬೇಕೆಂದು ಮೂಲೆಗೆ ಸರಿಸಿದ್ದೆ. ನಮ್ಮ ಹಿತ್ತಿಲಿನಲ್ಲಿ ಹುಟ್ಟಿದುದಾದರೂ ಅದರ ತಂದೆ ಅವರ ಗಿಡವೇ ಅಲ್ಲವೆ? ಕುಂಡವನ್ನು ಗೋಡೆಯ ಮೇಲಿನಿಂದ ಯಜಮಾನರ ಕೈಯಲ್ಲಿ ಆಚೆಗೆ ಇಳಿಸಿಕೊಟ್ಟೆವು. ಕಟ್ಟಳೆಯಂತೆ ಅವರು ಕೈತೊಳೆದಿದ್ದರು.

ಅದು ಈಗ ಗೋಡೆಗಿಂತ ಎತ್ತರವಾಗಿ ಬೆಳೆದಿದೆ. ಕಾಯಿಯು ತುಸು ದಪ್ಪವಾಗಿ, ಖಾರವು ಹದವಾಗಿ ಇರುವುದರಿಂದ ಬೋಂಡಕ್ಕೆ ಬಹಳ ಚೆನ್ನಾಗಿದೆಯೆಂದು ಅಕ್ಕನವರು ಹೇಳುತ್ತಾರೆ. ಕಳೆದ ವಾರ ಒಂದು ತಟ್ಟೆ ಬೋಂಡವನ್ನು ಕಳುಹಿಸಿದ್ದರು. ಚೀಲ ಕಟ್ಟಿ ಉಳಿಸಿದ ಬೀಜದಿಂದ ಈ ವರ್ಷ ೧೪ ಸಸಿಗಳಾಗಿವೆ. ಕಾಯಿ ಬಿಟ್ಟೊಡನೆ ಒಂದೊಂದು ಗಿಡದಿಂದಲೂ ಮೊದಲ ಕಾಯಿಯನ್ನು ನಾನೇ ತಿಂದು ನೋಡಿ, ಕುಂಡಕ್ಕೆ ಸುಣ್ಣದಿಂದ ಗುರುತು ಹಾಕುತ್ತೇನೆ. ಗುರುತಿಲ್ಲದ ಕುಂಡಕ್ಕೆ ಮೊಮ್ಮಗನು ಕತ್ತರಿಯನ್ನು ಒಯ್ಯುವುದಿಲ್ಲ.